ನನ್ನ ಹಿತ್ತಲಿಗೆ ಬಂದ ಸೊಪ್ಪು

ನಮ್ಮೂರಲ್ಲಿ ಸೊಪ್ಪು ಬಿತ್ತಿದವರ ಹಿತ್ತಲಲ್ಲಿ ಹುಟ್ಟುವುದಿಲ್ಲ. ಭತ್ತ, ರಾಗಿ ಹಾಕಿದಲ್ಲೇ ಬರುತ್ತವೆ, ತೆಂಗು, ನುಗ್ಗೆ ನೆಟ್ಟಲ್ಲೇ ನಿಲ್ಲುತ್ತವೆ. ಕೊತ್ತಂಬರಿ, ಸಬ್ಬಸಿಗೆ, ಮೆಂತ್ಯದಂಥ ಅಡಿಗೆಗೆ ಘಮ ಕೊಡುವ ಸೊಪ್ಪುಗಳು ಮಾತ್ರ ಹೀಗೆ. ಶಿವರಾತ್ರಿಗೆ ಹತ್ತು ದಿನ ಮುಂಚೆ ನಾನು ನನ್ನ ಪಾತಿಯಲ್ಲಿ ಕೊತ್ತಂಬರಿ ಬೀಜ ಉಜ್ಜಿ ಎರಚಿದರೆ, ಚಳಿ ಇಳಿದು ಬಿಸಿಲು ಹದವಾಗುವ ಹೊತ್ತಿಗೆ ಅದು ಕುಂಬಾರಗೇರಿಯ ಯಾರದೋ ಬಚ್ಚಲ ಹಿಂದೆ ತಲೆಯೆತ್ತಿರುತ್ತದೆ. ನನ್ನ ಪಾತಿಯಲ್ಲಿ ಇನ್ಯಾರದೋ ಮೆಂತ್ಯ ನಗುತ್ತಿರುತ್ತದೆ. ಈ ವರ್ಷ ಎದ್ದ ಮನೆಯಲ್ಲಿ ಮುಂದಿನ ವರ್ಷ ಏಳುವುದಿಲ್ಲ.

ಹಾಗಾಗಿ ಶಿವರಾತ್ರಿಯಿಂದ ಯುಗಾದಿಯವರೆಗೆ ನಮ್ಮೂರಲ್ಲಿ ಯಾರೂ ಹಿತ್ತಲ ಬಾಗಿಲಿಗೆ ಅಗುಳಿ ಹಾಕುವುದಿಲ್ಲ. ಬೆಳಗಾದರೆ ಹೆಂಗಸರು, ಗಂಡಸರು ಮಂಕರಿ ಹಿಡಿದು ತಂತಮ್ಮ ಸೊಪ್ಪು ಹುಡುಕಿಕೊಂಡು ಹೊರಡುತ್ತಾರೆ. ಯಾರ ಹಿತ್ತಲಿಗಾದರೂ ಹೋಗಬಹುದು, ‘ಬರಲಾ’ ಎಂದು ಮಾತ್ರ ಕೇಳಬಾರದು. ಕೇಳಿದರೆ ಆ ಮನೆಯವರು ಬೇಡ ಅಂದಾರು ಎಂಬ ಅನುಮಾನ ತೋರಿಸಿದ ಹಾಗಾಗುತ್ತದೆ, ಅವರಿಗೆ ಬೇಜಾರು. ನಿಮ್ಮ ಸೊಪ್ಪು ಸಿಕ್ಕಿತೋ, ಮೊದಲ ಕೊಯ್ಲು ನಿಮ್ಮದು. ಕೊಯ್ದು ಹೊರಡುವಾಗ ಒಂದು ಹಿಡಿಯನ್ನು ಆ ಮನೆಯ ಹೊಸ್ತಿಲ ಮೇಲೆ ಇಟ್ಟು ಬರಬೇಕು. ಅದಕ್ಕೆ ಹೊಸ್ತಿಲ ಹಿಡಿ ಅನ್ನುತ್ತೇವೆ. ಆಮೇಲೆ ಬರುವ ಚಿಗುರು ಎರಡೂ ಮನೆಗೆ. ಆ ಒಂದು ತಿಂಗಳು ಊರಿನ ಯಾವ ಬೀದಿಯಲ್ಲಿ ನಡೆದರೂ ಮಸ್ಸೊಪ್ಪಿನ ಬೆಳ್ಳುಳ್ಳಿ ಒಗ್ಗರಣೆ, ಸಬ್ಬಸಿಗೆ ಹಾಕಿ ತಟ್ಟಿದ ಅಕ್ಕಿರೊಟ್ಟಿಯ ಘಮ. ಕಾಲುವೆ ಏರಿಯ ಮೇಲಿನ ಗಣಿಕೆ, ಅಣ್ಣೆ, ಹೊನಗೊನ್ನೆ ಯಾರೂ ಬಿತ್ತಿದ್ದಲ್ಲವಾದ್ದರಿಂದ ಅವು ಎದ್ದಲ್ಲೇ ಇರುತ್ತವೆ, ಕೈಗೆ ಸಿಕ್ಕವರದು.

ಇದರಲ್ಲಿ ನನ್ನ ಪಾತ್ರವೂ ಒಂದಿತ್ತು. ನನ್ನ ಕಸುಬು ರವಿಕೆ ಹೊಲಿಯುವುದು, ಆದರೆ ಊರು ನನ್ನನ್ನು ಮರ್ಯಾದೆಯಿಂದ ದೇವೀರಕ್ಕ ಎಂದು ಕರೆಯುತ್ತಿದ್ದುದು ನನ್ನ ಮೂಗಿಗೋಸ್ಕರ. ಒಂದು ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿದರೆ ಅದನ್ನು ಬಿತ್ತಿದ ಕೈ ಯಾರದೆಂದು ನನಗೆ ತಿಳಿದುಬಿಡುತ್ತಿತ್ತು. ‘ಇದು ಗಾಣಿಗರ ಬೀದಿ ಕೊನೇ ಮನೆಯವರ ಸಬ್ಬಸಿಗೆ, ಅತ್ತೆ ಬಿತ್ತಿದ್ದಲ್ಲ, ಸೊಸೆ ಬಿತ್ತಿದ್ದು’ ಅನ್ನುವಷ್ಟು. ಈ ಮೂಗು ನಮ್ಮ ಸೋದರತ್ತೆಯಿಂದ ಬಂದದ್ದು. ಸೊಪ್ಪು ಎದ್ದು, ಹುಡುಕುವವರು ಬಾರದೆ ಹೋದರೆ ಜನ ಒಂದು ಎಲೆ ಕಿತ್ತುಕೊಂಡು ನನ್ನ ಹೊಲಿಗೆ ಯಂತ್ರದ ಮುಂದೆ ಬಂದು ನಿಲ್ಲುತ್ತಿದ್ದರು. ನಾನು ಕಾಲು ತುಳಿಯುವುದನ್ನು ನಿಲ್ಲಿಸಿ ಮೂಸಿ ಹೇಳುತ್ತಿದ್ದೆ. ಮೂವತ್ತು ವರ್ಷ ಯಾರೂ ನನ್ನ ಮಾತಿಗೆ ಎದುರಾಡಿರಲಿಲ್ಲ. ಅದು ಒಳ್ಳೆಯದಾಗಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ಆ ವರ್ಷ ಶಿವರಾತ್ರಿ ಕಳೆದು ಐದನೇ ದಿನ ನನ್ನ ಹಿತ್ತಲ ತುಳಸಿಕಟ್ಟೆಯ ಮಗ್ಗುಲಿಗೆ ಒಂದು ಮೊಳ ಅಗಲದ ಜಾಗದಲ್ಲಿ ಒತ್ತೊತ್ತಾಗಿ ಏನೋ ಎದ್ದಿತ್ತು. ಎಲೆ ಇಲಿಕಿವಿಯ ಹಾಗೆ ದುಂಡಗೆ, ಅಂಚಿಗೆ ನೇರಳೆ ಗೆರೆ, ಕಾಂಡದ ಮೇಲೆ ನವಿರಾದ ರೋಮ. ಒಂದು ಎಲೆ ಕಿತ್ತು ಹೊಸಕಿದೆ. ಮೂಸಿದೆ. ಏನೂ ಹೊಳೆಯಲಿಲ್ಲ. ಬಿತ್ತಿದವರ ಕೈ ಹಾಗಿರಲಿ, ಅದು ಯಾವ ಸೊಪ್ಪು ಅನ್ನುವುದೇ ತಿಳಿಯಲಿಲ್ಲ. ಇನ್ನೊಂದು ಎಲೆ ಕಿತ್ತು ಮೂಸಿದೆ. ಓಮದ ಹಾಗಿದೆ ಅನ್ನುವಷ್ಟರಲ್ಲಿ ನಿಂಬೆಸಿಪ್ಪೆಯ ಹಾಗೆ, ಅದಾಗಿ ಹಿಂದಿನಿಂದ ತಣ್ಣಗೆ, ಹೊಳೆದಂಡೆಯ ನೆನೆದ ಕಲ್ಲಿನ ಹಾಗೆ.

ಪಕ್ಕದ ಮನೆಯ ಕೆಂಪಾಜಮ್ಮ ಬೇಲಿಯಾಚೆಯಿಂದ ಕತ್ತು ಚಾಚಿದಳು. “ಯಾರ್ದಕ್ಕ ಅದು? ನಾನ್ ಈ ತರದ್ದು ನೋಡೇ ಇಲ್ವಲ್ಲ.”

“ಕಳೆ ಕಣೇ,” ಅಂದೆ. ಬಾಯಿಗೆ ಅದೇ ಮೊದಲು ಬಂತು. “ನಾಳೆ ಕಿತ್ತಾಕ್ತೀನಿ.”

ಅವಳು ನಂಬಿ ಒಳಗೆ ಹೋದಳು. ನನ್ನ ಕಿವಿ ಬಿಸಿಯಾಗಿತ್ತು. ಗೊತ್ತಿಲ್ಲ ಎಂಬ ಒಂದು ಮಾತು ಹೇಳಲಾರದೆ ಹೋದೆನಲ್ಲ ಅಂತ ನಾಚಿಕೆಯಾಗಲಿಲ್ಲ ಆಗ, ಸದ್ಯ ಅವಳು ಮತ್ತೇನೂ ಕೇಳಲಿಲ್ಲವಲ್ಲ ಅಂತ ಸಮಾಧಾನವಾಯಿತು. ನಾಚಿಕೆ ಬಂದದ್ದು ಆಮೇಲೆ.

ಮಾರನೆಯ ದಿನ ಕೀಳಲು ಕೂತವಳು ಒಂದು ಎಲೆಯನ್ನು ಬಾಯಿಗೆ ಹಾಕಿಕೊಂಡೆ. ಮೊದಲು ಸಪ್ಪೆ. ಅಗಿದು ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಒಂದು ತಂಪು ಹುಟ್ಟಿ, ಅಂಗುಳಕ್ಕೆ ಏರಿ, ಮೂಗಿನ ಒಳಗಿಂದ ಈಚೆ ಬಂತು. ಹಾಗೆ ಒಳಗಿಂದ ಹೊರಗೆ ಬರುವ ಘಮ ನಾನು ಕಂಡಿದ್ದೇ ಇಲ್ಲ. ಕೀಳುವ ಕೈ ನಿಂತಿತು. ಒಂದಿಷ್ಟು ಕೊಯ್ದು ಹುರಿದ ಹಸಿಮೆಣಸಿನಕಾಯಿ, ಜೀರಿಗೆ ಸೇರಿಸಿ ರುಬ್ಬಿ, ಮಜ್ಜಿಗೆಗೆ ಕಲಸಿ ತಂಬುಳಿ ಮಾಡಿದೆ. ನನ್ನ ಗಂಡ ಪುಟ್ಟಮಾದು ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವನು, ಎಲೆ ಮುಂದೆ ಕೂತರೆ ಮಾತಾಡುವವನಲ್ಲ. ಅಂಥವನು ಕೈ ನೆಕ್ಕುತ್ತಾ ಕೇಳಿದ, “ಯಾವ ಸೊಪ್ಪೇ ಇದು?”

“ಗೊತ್ತಿಲ್ಲ,” ಅಂದೆ. ಗಂಡನ ಹತ್ತಿರ ಹೇಳುವುದು ಸುಲಭ.

ಅವನು ನನ್ನ ಮುಖ ನೋಡಿದ. “ನಿಂಗೆ ಗೊತ್ತಿಲ್ವಾ?” ಅಂದವನು ನಗುವುದೋ ಬೇಡವೋ ಎಂದು ಸ್ವಲ್ಪ ಹೊತ್ತು ಕಾದು, ಕೊನೆಗೆ ನಕ್ಕೇಬಿಟ್ಟ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ರವಿಕೆಯ ತೋಳು ಹಿಂದುಮುಂದಾಗಿ ಕೂರಿಸಿದೆ. ಕೊರಳಪಟ್ಟಿ ಕತ್ತರಿಸುವಾಗ ಅದೇ ಯೋಚನೆ, ನೀರು ಸೇದುವಾಗ ಅದೇ ಯೋಚನೆ. ಯಾರು ಬಿತ್ತಿದ್ದು? ಎಲ್ಲಿಂದ ತಂದ ಬೀಜ? ಬಿತ್ತಿದವರು ಯಾಕೆ ಹುಡುಕಿಕೊಂಡು ಬರುತ್ತಿಲ್ಲ? ಆ ಒಂದು ವಾರ ನನ್ನ ಹಿತ್ತಲಿಗೆ ಬೇರೆ ಮೂರು ಮನೆಯವರು ಬಂದು ತಂತಮ್ಮ ಮೆಂತ್ಯ, ಸಬ್ಬಸಿಗೆ ಕೊಯ್ದುಕೊಂಡು ಹೋದರು. ಇದರತ್ತ ಯಾರೂ ತಿರುಗಿ ನೋಡಲಿಲ್ಲ. ಕಳೆ ಎಂದು ನಾನೇ ಹೇಳಿದ ಮೇಲೆ ಯಾರು ನೋಡುತ್ತಾರೆ?

ಕೊನೆಗೆ ಒಂದು ಪಾತ್ರೆ ತಂಬುಳಿ ಮಾಡಿ, ಒಂದು ಕಂತೆ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬೀದಿಗಿಳಿದೆ. ಕಂಡಕಂಡವರಿಗೆ ರುಚಿ ತೋರಿಸಿ ಮುಖ ನೋಡುವುದು ನನ್ನ ಉಪಾಯ. ಬಿತ್ತಿದವರಾದರೆ ಮುಖದಲ್ಲಿ ತಿಳಿಯಲೇಬೇಕಲ್ಲ. ರಿಟೈರಾದ ಪಂಚಾಕ್ಷರಿ ಮೇಷ್ಟ್ರು ಒಂದು ಚಮಚ ಕುಡಿದವರೇ, “ಇದು ನಂದೇ ದೇವೀರಮ್ಮ, ಪೇಟೆಯಿಂದ ಒಂದು ಪೊಟ್ಟಣ ಬೀಜ ತರಿಸಿದ್ದೆ,” ಅಂದರು. ಕಣ್ಣು ಮುಚ್ಚಲು ಹೇಳಿ ಒಂದು ಕೈಯಲ್ಲಿ ಇದನ್ನೂ ಇನ್ನೊಂದರಲ್ಲಿ ಹಾಗಲದ ಎಲೆಯನ್ನೂ ಹಿಡಿದೆ. ಮೇಷ್ಟ್ರು ಹಾಗಲವನ್ನು ಮೂಸಿ “ಇದೇ, ಇದೇ” ಅಂದರು. ಅವರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೋಡಿದರು.

ಕುಂಬಾರಗೇರಿಯಲ್ಲಿ ಚೌಡಯ್ಯ ಚಕ್ರದ ಮುಂದೆ ಕೂತು ಮಣ್ಣು ನಾದುತ್ತಿದ್ದ. ಅವನಿಗೆ ತಂಬುಳಿ ಕೊಡುವ ಮೊದಲೇ ಬಟ್ಟೆ ಬಿಚ್ಚಿ ಎಲೆ ತೋರಿಸಿದೆ. ಅವನು ಕೈ ಒರೆಸಿಕೊಂಡು ಎಲೆಯ ಅಂಚನ್ನು ಬೆರಳಿಂದ ಸವರಿದ.

“ಅಕ್ಕ, ಹೋದ್ವರ್ಷ ನಾನ್ ತಂದು ತೋರಿಸಿದ್ದು ಇದನ್ನೇ ಅಲ್ವಾ?”

“ಯಾವಾಗ?”

“ಯುಗಾದಿಗೆ ಮುಂಚೆ. ನಮ್ಮ ಮಡಕೆ ಸುಡೋ ಆವಿಗೆ ಹಿಂದ್ಗಡೆ ಎದ್ದಿತ್ತು. ನೀವು ಮದುವೆ ಬಟ್ಟೆ ಹೊಲೀತಾ ಇದ್ರಿ. ತಲೇನೂ ಎತ್ಲಿಲ್ಲ. ಕಳೆ, ಕಿತ್ತಾಕು ಅಂದ್ರಿ. ಕಿತ್ತಾಕ್ದೆ.”

ಅವನು ದೂರುವ ದನಿಯಲ್ಲಿ ಹೇಳಲಿಲ್ಲ, ನೆನಪಿಸಿದ, ಅಷ್ಟೇ. ಅವನು ಹೇಳುತ್ತಿರುವಾಗಲೇ ನನಗೆ ಅದಕ್ಕೂ ಹಿಂದಿನ ವರ್ಷದ್ದು ನೆನಪಾಯಿತು. ಬಳೆಗಾರರ ಪುಟ್ಟಗೌರಿ ಒಂದು ದುಂಡೆಲೆ ತಂದಿದ್ದಳು. ನನಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಮೂಸಿದ ಹಾಗೆ ಮಾಡಿ ಕಳೆ ಎಂದು ಹೇಳಿ ಕಳಿಸಿದ್ದೆ. ಅಂದರೆ ಯಾರೋ ಮೂರು ವರ್ಷದಿಂದ ಈ ಬೀಜ ಬಿತ್ತುತ್ತಲೇ ಇದ್ದಾರೆ. ಎರಡು ವರ್ಷ ಅದನ್ನು ಕೀಳಿಸಿದವಳು ನಾನೇ.

ತಂಬುಳಿ ಪಾತ್ರೆಯನ್ನು ಚೌಡಯ್ಯನ ಮನೆಯಲ್ಲೇ ಬಿಟ್ಟು ಮನೆಗೆ ಬಂದೆ. ಮೂರು ವರ್ಷ ಅಂದುಕೊಂಡೆ. ಮೂರು ವರ್ಷದ ಹಿಂದೆ ಊರಿಗೆ ಹೊಸದಾಗಿ ಏನು ಬಂತು? ಯಾರು ಬಂದರು? ಅಷ್ಟರಲ್ಲಿ ನನ್ನ ಮೂಗು ನನಗಿಂತ ಮುಂಚೆ ಎದ್ದಿತ್ತು. ಈ ಘಮವನ್ನು ನಾನು ಎಲೆಯಲ್ಲಿ ಕಂಡಿರಲಿಲ್ಲ ನಿಜ, ಬಟ್ಟೆಯಲ್ಲಿ ಕಂಡಿದ್ದೆ. ಅಟ್ಟದಿಂದ ಚೂರುಬಟ್ಟೆಯ ಗಂಟನ್ನು ಇಳಿಸಿ ನೆಲಕ್ಕೆ ಸುರಿದು ಒಂದೊಂದೇ ಚೂರು ಎತ್ತಿ ಮೂಸುತ್ತಾ ಕೂತೆ. ಬಹಳ ಹೊತ್ತಾದ ಮೇಲೆ ಕೈಗೆ ಸಿಕ್ಕಿತು, ಕೆಂಪು ಕಪ್ಪು ಪಟ್ಟೆಯ, ದಪ್ಪ ನೂಲಿನ, ಕೈಮಗ್ಗದ ಬಟ್ಟೆ. ನಮ್ಮ ಕಡೆ ನೇಯುವಂಥದ್ದಲ್ಲ. ಕಪನಯ್ಯನ ಹೆಂಡತಿ ಊರಿಗೆ ಬಂದ ಹೊಸತರಲ್ಲಿ ರವಿಕೆ ಹೊಲಿಸಲು ತಂದುಕೊಟ್ಟದ್ದು. ತುಂಬ ದಿನ ಅದರಲ್ಲಿ ಏನನ್ನೋ ಗಂಟು ಕಟ್ಟಿಟ್ಟಿದ್ದರಿಂದ ಬಟ್ಟೆಯ ನಡುವೆ ಸುಕ್ಕು ಹೋಗಿರಲಿಲ್ಲ. ಚೂರನ್ನು ಮೂಗಿಗೆ ಹಿಡಿದೆ. ಹೊಳೆದಂಡೆಯ ಕಲ್ಲು.

ಕಪನಯ್ಯ ಬೋರ್‌ವೆಲ್ ಕೊರೆಯುವ ರಿಗ್ ಲಾರಿಯಲ್ಲಿ ಕೆಲಸಕ್ಕಿದ್ದವನು. ವರ್ಷದಲ್ಲಿ ಹತ್ತು ತಿಂಗಳು ಎಲ್ಲೆಲ್ಲೋ ಇರುತ್ತಿದ್ದ. ಬಹಳ ದೂರದ ಬೆಟ್ಟದ ಸೀಮೆಯಲ್ಲಿ ನೀರು ಹುಡುಕಲು ಹೋದಲ್ಲಿ ಇವಳನ್ನು ಮದುವೆಯಾಗಿ ಕರೆದುಕೊಂಡು ಬಂದಿದ್ದ. ನಾವು ಅವಳನ್ನು ಲಕ್ಷ್ಮಿ ಅನ್ನುತ್ತಿದ್ದೆವು. ಅವಳು ಹೇಳಿದ ಹೆಸರು ಹಾಗೇ ಕೇಳಿಸಿತ್ತು. ಒಂದು ಹೆಣ್ಣುಮಗು. ಯಾರ ಜೊತೆಗೂ ಜಗಳವಿಲ್ಲ, ಹೆಚ್ಚು ಮಾತೂ ಇಲ್ಲ. ಒಳ್ಳೆ ಹುಡುಗಿ ಅಂತಲೇ ಎಲ್ಲರ ಅಭಿಪ್ರಾಯ. ಅಷ್ಟು ಹೇಳಿ ಮುಗಿಸಿದರೆ ಅವಳ ವಿಷಯ ನಮಗೆ ಇನ್ನೇನೂ ಗೊತ್ತಿರಲಿಲ್ಲ.

ಅವಳ ಮನೆಗೆ ಹೋದಾಗ ಅವಳು ಹಿತ್ತಲ ಕಟ್ಟೆಯ ಮೇಲೆ ಕೂತು ಬಟ್ಟೆ ಮಡಿಸಿ ಬ್ಯಾಗಿಗೆ ತುಂಬುತ್ತಿದ್ದಳು. ಮಗು ಕಾಲ ಬಳಿ ಮಣ್ಣಾಡುತ್ತಿತ್ತು. ಹಿತ್ತಲಲ್ಲಿ ನಮ್ಮದೇ ಬೀದಿಯವರ ಸಬ್ಬಸಿಗೆ ಮೊಣಕಾಲುದ್ದ ಬೆಳೆದಿತ್ತು. ಗೋಡೆಯುದ್ದಕ್ಕೂ ಐದು ಮಣ್ಣಿನ ಕುಂಡಗಳು. ಐದರಲ್ಲೂ ಕಪ್ಪಗೆ ಜರಡಿ ಹಿಡಿದ ಮಣ್ಣು, ಬೆಳಿಗ್ಗೆಯಷ್ಟೇ ಚಿಮುಕಿಸಿದ ನೀರು. ಒಂದು ಹುಲ್ಲೆಸಳೂ ಇರಲಿಲ್ಲ.

“ಊರಿಗೆ ಹೊರಟ್ಯೇನವ್ವ?” ಅಂದೆ.

“ಶುಕ್ರವಾರ ಬಸ್ಸು,” ಅಂದಳು. ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಒಂದೊಂದು ಮಾತನ್ನೂ ಬೇರೆಯಾಗಿ ಇಟ್ಟ ಹಾಗೆ ಆಡುತ್ತಿದ್ದಳು. “ಅಮ್ಮನ ಮನೆಗೆ.”

“ಯಾವಾಗ ಬರ್ತೀಯಾ?”

ಅವಳು ಮಡಿಸಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದಳು.

ನಾನು ಎಲೆಗಳ ಕಂತೆಯನ್ನು ತೆಗೆದು ಅವಳ ಮಡಿಲಲ್ಲಿ ಇಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ಎರಡೂ ಕೈಯನ್ನು ಮೇಲೆತ್ತಿಕೊಂಡು, ಮಡಿಲಿಗೆ ಹಕ್ಕಿಮರಿ ಬಿದ್ದವರ ಹಾಗೆ ನೋಡುತ್ತ ಕೂತಳು. ಆಮೇಲೆ ಒಂದು ಎಲೆಯನ್ನು ಎತ್ತಿ ಮೂಗಿಗಲ್ಲ, ಕೆನ್ನೆಗೆ ಹಿಡಿದಳು.

“ಎಲ್ಲಿ?” ಅಂದಳು.

“ನಮ್ಮ ಹಿತ್ತಲಲ್ಲಿ.”

“ನೀವು ಎಲ್ಲಿಂದ ತಂದ್ರಿ?”

“ನಾನ್ ತಂದಿಲ್ಲ. ನೀನು ಬಿತ್ತಿದ್ದು. ನಮ್ಮನೇಲಿ ಎದ್ದದೆ.”

ಅವಳು ಕುಂಡಗಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನನಗೆ ಆಗ ಅರ್ಥವಾಯಿತು. ಇವಳಿಗೆ ಗೊತ್ತೇ ಇಲ್ಲ. ನಮ್ಮೂರಲ್ಲಿ ಬಿತ್ತಿದ್ದು ಬೇರೆ ಮನೆಯಲ್ಲಿ ಏಳುತ್ತದೆ ಎಂದು ಇವಳಿಗೆ ಈ ಮೂರು ವರ್ಷದಲ್ಲಿ ಒಬ್ಬರೂ ಹೇಳಿಲ್ಲ. ಯಾರು ಹೇಳುತ್ತಾರೆ? ನೀರು ಕೆಳಗೆ ಹರಿಯುತ್ತದೆ ಎಂದು ಯಾರಾದರೂ ಯಾರಿಗಾದರೂ ಹೇಳಿಕೊಡುತ್ತಾರೆಯೇ?

ಅವಳ ಪಕ್ಕ ಕೂತು ಮೊದಲಿನಿಂದ ಹೇಳಿದೆ. ಹೇಳುತ್ತಾ ಹೇಳುತ್ತಾ ನಮ್ಮ ಪದ್ಧತಿ ನನ್ನ ಕಿವಿಗೇ ವಿಚಿತ್ರವಾಗಿ ಕೇಳಿಸಿತು. ಅವಳು ಮಧ್ಯೆ ತಡೆದು ಕೇಳಿದಳು, “ಹಾಗಾದ್ರೆ ನಮ್ಮ ಹಿತ್ತಲಿಗೆ ಬಂದು ಕೊಯ್ಯೋದು?”

“ಅದು ಅವರು ಬಿತ್ತಿದ್ದು ತಾಯಿ.”

“ಬಾಗಿಲಲ್ಲಿ ಒಂದು ಹಿಡಿ ಇಟ್ಟು ಹೋಗೋದು?”

“ಅದು ನಿನ್ನ ಪಾಲು. ಹೊಸ್ತಿಲ ಹಿಡಿ.”

“ನಾನು ಅದನ್ನ ದನಕ್ಕೆ ಹಾಕಿದೆ. ಮೂರು ವರ್ಷ. ಎಲ್ಲಾ ನನ್ನ ಮನೆಯಿಂದ ಕಿತ್ಕೊಂಡು, ಸ್ವಲ್ಪ ನನಗೆ ಭಿಕ್ಷೆ ಹಾಕ್ತಾರೆ, ಮಾತಾಡಲ್ಲ ಕೇಳಲ್ಲ, ಅಂದ್ಕೊಂಡೆ.” ಅವಳು ಸಣ್ಣಗೆ ಉಸಿರು ಬಿಟ್ಟಳು. “ನನ್ನ ಬೀಜ ಮಾತ್ರ ಹುಟ್ಟಲ್ಲ. ಈ ಮಣ್ಣಿಗೆ ನಾನು ಬೇಡ ಅಂದ್ಕೊಂಡೆ. ಈ ವರ್ಷಾನೂ ಬರದಿದ್ರೆ ಹೋಗೋದು ಅಂತ...” ಮಾತು ಮುಗಿಸದೆ ಮಗುವನ್ನು ಎತ್ತಿಕೊಂಡು ಎದ್ದಳು. “ತೋರಿಸಿ.”

ಬೀದಿಯಲ್ಲಿ ಅವಳು ನನಗಿಂತ ಮುಂದೆ ನಡೆದಳು. ಹಿತ್ತಲಲ್ಲಿ ತುಳಸಿಕಟ್ಟೆಯ ಪಕ್ಕ ಅದನ್ನು ಕಂಡವಳೇ ಮಗುವನ್ನು ಇಳಿಸಿ, ಮಂಡಿಯೂರಿ, ಎರಡೂ ಅಂಗೈಯನ್ನು ಸೊಪ್ಪಿನ ಮೇಲೆ ಮೆಲ್ಲಗೆ ಆಡಿಸಿದಳು. ಏಳೆಂಟು ದಿನದ ಮಗುವಿನ ತಲೆ ಸವರುವ ಹಾಗೆ. ಅಲ್ಲಿಗೆ ಸುಮ್ಮನಾಗಬಹುದಿತ್ತು. ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ಆ ಕೈ ನೋಡುತ್ತಾ ಸುಮ್ಮನಿರಲು ನನ್ನಿಂದ ಆಗಲಿಲ್ಲ.

“ಇನ್ನೊಂದು ಮಾತು ಅದೆ ಕಣವ್ವ,” ಅಂದೆ. “ಹೋದ್ವರ್ಷಾನೂ ಇದು ಎದ್ದಿತ್ತು, ಕುಂಬಾರರ ಚೌಡಯ್ಯನ ಮನೇಲಿ. ಅದರ ಹಿಂದಿನ ವರ್ಷ ಬಳೆಗಾರರ ಮನೇಲಿ. ಎರಡು ಸಲಾನೂ ತಂದು ನನಗೆ ತೋರಿಸಿದ್ರು. ನಾನು ಸರಿಯಾಗಿ ನೋಡ್ದೆ ಕಳೆ ಅಂದ್ಬುಟ್ಟೆ. ಕಿತ್ತಾಕಿದ್ರು. ನಾನೇ ಕೀಳಿಸ್ದೆ.”

ಅವಳು ತಲೆಯೆತ್ತಿದಳು. ಮಂಡಿಯ ಮಣ್ಣು ಕೊಡವಿಕೊಂಡು ನಿಧಾನವಾಗಿ ಎದ್ದಳು. ಆಮೇಲೆ ತನ್ನ ಭಾಷೆಯಲ್ಲಿ ಮಾತಾಡತೊಡಗಿದಳು. ಕೂಗಲಿಲ್ಲ. ಒಂದೇ ಸಮನೆ, ತಡೆಯಿಲ್ಲದೆ, ನನ್ನ ಕಣ್ಣನ್ನೇ ನೋಡುತ್ತ ಬಹಳ ಹೊತ್ತು ಮಾತಾಡಿದಳು. ಕನ್ನಡದಲ್ಲಿ ಒಂದೊಂದೇ ಮಾತು ಎಣಿಸಿ ಇಡುತ್ತಿದ್ದವಳ ಬಾಯಲ್ಲಿ ಇಷ್ಟೊಂದು ಮಾತು ಇದೆಯೆಂದು ನನಗೆ ಗೊತ್ತಿರಲಿಲ್ಲ. ಒಂದು ಪದವೂ ನನಗೆ ತಿಳಿಯಲಿಲ್ಲ, ತಿಳಿಯದೆ ಹೋದದ್ದೂ ಏನೂ ಇರಲಿಲ್ಲ. ಕೆಂಪಾಜಮ್ಮ ಬೇಲಿಗೆ ಬಂದು ನಿಂತಳು. ಮುಗಿಯುವವರೆಗೆ ನಾನು ನಿಂತ ಕಡೆಯೇ ನಿಂತಿದ್ದೆ.

ಮಾತು ಮುಗಿದ ಮೇಲೆ ಅವಳು ಸೊಪ್ಪನ್ನು ಬುಡದಿಂದ ನಾಲ್ಕು ಬೆರಳು ಬಿಟ್ಟು ಅಚ್ಚುಕಟ್ಟಾಗಿ ಕೊಯ್ದಳು. ಎಲ್ಲವನ್ನೂ ಸೆರಗಿಗೆ ಹಾಕಿಕೊಂಡು, ಮಗುವಿನ ಕೈ ಹಿಡಿದು ಹೊರಟುಹೋದಳು. ನನ್ನ ಹೊಸ್ತಿಲ ಮೇಲೆ ಏನೂ ಇಡಲಿಲ್ಲ. ಪದ್ಧತಿ ಈಗ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಇಡಲಿಲ್ಲ.

ಶುಕ್ರವಾರ ಅವಳು ಬಸ್ಸು ಹತ್ತಿದಳು ಎಂದು ಕೇಳಿದೆ.

ಅದರ ಮಾರನೆಯ ಬೆಳಿಗ್ಗೆ ಕಾಲುವೆ ಏರಿಯ ಮೇಲೆ ಹದಿನೈದಿಪ್ಪತ್ತು ಹೆಂಗಸರು ಬೆರಕೆ ಸೊಪ್ಪು ಬಿಡಿಸುತ್ತಿದ್ದಾಗ ನಾನು ನಡುವೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ನೆಗಡಿಯಾದದ್ದು, ತಲೆಯೆತ್ತದೆ ಹೇಳಿದ್ದು, ಕೆಂಪಾಜಮ್ಮನಿಗೆ ಸುಳ್ಳು ಹೇಳಿದ್ದು. ಯಾರೂ ಬೈಯಲಿಲ್ಲ. ಪುಟ್ಟಗೌರಿ ಮಾತ್ರ ಕೈಯಲ್ಲಿದ್ದ ಗಣಿಕೆ ಸೊಪ್ಪನ್ನು ಮಂಕರಿಗೆ ಹಾಕಿ, “ಹಂಗಾದ್ರೆ ನಮ್ಮಮ್ಮನ ಮೆಂತ್ಯ ಆ ವರ್ಷ ಸಿಗಲೇ ಇಲ್ವಲ್ಲಕ್ಕ, ಅದೂ ಹಿಂಗೇ ಹೋಗಿರ್ಬೇಕು,” ಅಂದಳು. ಆಮೇಲೆ ಎಲೆ ಹಿಡಿದು ನನ್ನ ಯಂತ್ರದ ಮುಂದೆ ಬರುವವರು ಕಡಿಮೆಯಾದರು. ಬಂದವರೂ ನಾನು ಹೇಳಿದ್ದನ್ನು ಕೇಳಿಕೊಂಡು, ಇನ್ನೊಂದು ಕಡೆ ವಿಚಾರಿಸಿಯೇ ಒಪ್ಪುತ್ತಿದ್ದರು. ಪುಟ್ಟಮಾದು, “ಬಟ್ಟೆನಾದ್ರೂ ಸರಿಯಾಗಿ ಹೊಲೀತೀಯಲ್ಲ ಬಿಡು,” ಅಂತ ಸಮಾಧಾನ ಮಾಡಿದ.

ಯುಗಾದಿಗೆ ಎರಡು ದಿನ ಮುಂಚೆ ಕಪನಯ್ಯ ಊರಿಗೆ ಬಂದ. ಬೀಗ ಹಾಕಿದ ಮನೆ ನೋಡಿ, ಯಾರೋ ಹೇಳಿದ್ದು ಕೇಳಿ, ಬ್ಯಾಗು ಹೆಗಲಲ್ಲಿ ಇದ್ದ ಹಾಗೇ ನೇರ ನಮ್ಮ ಮನೆಗೆ ಬಂದ. ಬೈಯಲು ಬಂದನೆಂದು ಕುರ್ಚಿ ಕೊಟ್ಟು ನಿಂತೆ. ಅವನು ಕುರ್ಚಿಯಲ್ಲಿ ಕೂತು ತಲೆ ಹಿಡಿದುಕೊಂಡ.

“ನಿಮ್ದೇನ್ ತಪ್ಪಿಲ್ಲಕ್ಕ. ನಾನ್ ಹೇಳ್ಬೇಕಾಗಿತ್ತು. ಅವಳು ಬೀಜ ತಂದಿದ್ದೂ ನಂಗೆ ಗೊತ್ತಿಲ್ಲ, ಕುಂಡದಾಗೆ ಹಾಕಿದ್ದೂ ಗೊತ್ತಿಲ್ಲ. ಒಂದ್ಸಲ ಕೇಳಿದ್ಲು, ನಿಮ್ಮೂರಾಗೆ ಬೀಜ ಹಾಕಿದ್ರೆ ಬರ್ತದಾ ಅಂತ. ಬರ್ದೆ ಏನು ಅಂದೆ.”

“ಏನ್ ಮಾಡ್ತೀಯಾ ಈಗ?”

“ಹೋಗಿ ಕರ್ಕೊಂಡ್ ಬರ್ತೀನಿ.”

“ಕರ್ಕೊಂಡು ಬರೋದಕ್ಕೆ ಅಂತ ಹೋಗ್ಬೇಡ ಕಪನಿ. ಅವಳು ಕೇಳಿದ್ದಕ್ಕೆ ನೀನು ಹೇಳ್ದೆ ಬಿಟ್ಟಿದ್ದು ಏನೇನೈತೋ ಅದನ್ನ ಹೇಳೋದಕ್ಕೆ ಹೋಗು. ಬರೋದು ಬಿಡೋದು ಅವಳಿಗೆ ಬಿಟ್ಟಿದ್ದು.”

ಅವನು ತಲೆಯಾಡಿಸಿದ. ಹಬ್ಬದ ಹೋಳಿಗೆಗೂ ನಿಲ್ಲದೆ ಅವತ್ತೇ ಹೊರಟ.

ಯುಗಾದಿ ಕಳೆದ ಮೇಲೆ ಪಾತಿಯನ್ನು ಅಗೆದು ಬಿಡುವುದು ನಮ್ಮ ರೂಢಿ. ಬಿಸಿಲು ಏರುತ್ತದೆ, ಸೊಪ್ಪು ಬಲಿತು ಕಹಿಯಾಗುತ್ತದೆ, ಬಾಗಿಲುಗಳಿಗೆ ಮತ್ತೆ ಅಗುಳಿ ಬೀಳುತ್ತದೆ. ನಾನು ತುಳಸಿಕಟ್ಟೆಯ ಪಕ್ಕದ್ದನ್ನು ಅಗೆಯಲಿಲ್ಲ. ಅವಳು ಕೊಯ್ದ ಕಡೆಯಿಂದ ಕವಲೊಡೆದು ಮತ್ತೆ ಚಿಗುರಿತ್ತು. ಮಧ್ಯಾಹ್ನದ ಬಿಸಿಲು ತಾಗದ ಹಾಗೆ ಹಳೆಯ ಸೀರೆಯೊಂದನ್ನು ನಾಲ್ಕು ಗೂಟಕ್ಕೆ ಕಟ್ಟಿದೆ. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು. ಒಂದು ಎಲೆಯನ್ನೂ ಬಾಯಿಗೆ ಹಾಕಲಿಲ್ಲ. ಮನಸ್ಸಾಗುತ್ತಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ತುದಿಯಲ್ಲಿ ಸಾಸಿವೆಯಷ್ಟು ಬಿಳಿಯ ಮೊಗ್ಗು ಕಟ್ಟಿದಾಗ ಕೆಂಪಾಜಮ್ಮ, “ಅವಳು ಬರಲ್ಲ ಬಿಡಕ್ಕ,” ಅಂದಳು. “ಬೀಜ ಆದ್ರೂ ಆಗಲಿ,” ಅಂದೆ.

ಯುಗಾದಿಯಾಗಿ ಹನ್ನೊಂದನೇ ದಿನ, ಬೆಳಗಿನ ಹತ್ತು ಗಂಟೆ ಇರಬಹುದು. ಹಿತ್ತಲಲ್ಲಿ ಸದ್ದಾಯಿತು. ಯಂತ್ರದ ಮುಂದಿನಿಂದ ಎದ್ದು ಹೋಗಿ ನೋಡಿದರೆ ಅವಳು ಸೀರೆಯ ಚಪ್ಪರದಡಿ ಕೂತಿದ್ದಳು. ಬರಲಾ ಎಂದು ಕೇಳದೆ ಒಳಗೆ ಬಂದಿದ್ದಳು. ಬಲಿತ ಎಲೆಗಳನ್ನು ಬಿಟ್ಟು ಕವಲಿನ ಎಳೆ ಚಿಗುರನ್ನಷ್ಟೇ ಚಿವುಟಿ ಬಟ್ಟಲಿಗೆ ಹಾಕುತ್ತಿದ್ದಳು. ಮಗು ಗೂಟ ಹಿಡಿದು ಸುತ್ತುತ್ತಿತ್ತು.

“ಬಂದ್ಯಾ ತಾಯಿ?” ಅಂದೆ.

“ನಿನ್ನೆ ಬಂದ್ವಿ,” ಅಂದಳು. “ನಿಮ್ಮ ಒರಳು ಬೇಕು.”

ಅಡಿಗೆಮನೆಯಲ್ಲಿ ಅವಳು ಒರಳಿನ ಮುಂದೆ ಕೂತಳು. ಚಿಗುರು, ಕಲ್ಲುಪ್ಪು, ಕೆಂಡದಲ್ಲಿ ಸುಟ್ಟ ಎರಡು ಮೆಣಸಿನಕಾಯಿ, ಊರಿಂದ ಪೊಟ್ಟಣದಲ್ಲಿ ತಂದಿದ್ದ ಹುರಿದ ಯಾವುದೋ ಕಪ್ಪು ಕಾಳು. ನಾನು ಜೀರಿಗೆ ಡಬ್ಬಿ ಮುಂದೆ ಇಟ್ಟೆ, ಅವಳು ಅದನ್ನು ಪಕ್ಕಕ್ಕೆ ಸರಿಸಿದಳು. ಒಲೆಯ ಮೇಲೆ ಅಕ್ಕಿಯ ಗಂಜಿ ಗಟ್ಟಿಯಾಗಿ ಕುದಿಯಿತು. ರುಬ್ಬುವಾಗ ಎದ್ದ ಘಮಕ್ಕೆ ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಕಿಟಕಿಯ ಹತ್ತಿರ ನಿಂತು ಮುಂದೆ ಹೋದರು. ನಾನು ಮಾಡಿದ ತಂಬುಳಿಯಲ್ಲಿ ಇದರ ಅರ್ಧದಷ್ಟೂ ಬಂದಿರಲಿಲ್ಲ.

ಅವಳು ಒಂದೇ ತಟ್ಟೆ ತೆಗೆದುಕೊಂಡಳು. ಗಂಜಿ ಬಡಿಸಿಕೊಂಡು, ಮಧ್ಯೆ ರುಬ್ಬಿದ್ದನ್ನು ಒಂದು ಉಂಡೆ ಇಟ್ಟು, ಗೋಡೆಗೆ ಒರಗಿ ಕೂತು ತಿನ್ನತೊಡಗಿದಳು. ಮಗುವಿನ ಬಾಯಿಗೆ ಒಂದು ತುತ್ತು. ತನಗೆ ಒಂದು ತುತ್ತು. ಕಣ್ಣು ಒದ್ದೆಯಾದಾಗ ಮೊಣಕೈಯಿಂದ ಒರೆಸಿಕೊಂಡಳು. ನನ್ನ ಕಡೆ ನೋಡಲಿಲ್ಲ. ತಟ್ಟೆ ಖಾಲಿಯಾಯಿತು. ಎರಡನೇ ಸಲ ಬಡಿಸಿಕೊಂಡಳು. ಬಾಯಲ್ಲಿ ನೀರೂರುತ್ತಿದ್ದರೂ ನಾನು ಬಾಗಿಲಿಗೆ ಒರಗಿ ಕಾದೆ. ಮೊದಲ ಕೊಯ್ಲು ಅವಳದು. ಹಿಂದಿನ ಎರಡು ವರ್ಷದ್ದು ಬಾಕಿ ಇತ್ತು.

ಆಮೇಲೆ ಇನ್ನೊಂದು ತಟ್ಟೆ ತೊಳೆದು, ಬಡಿಸಿ, ನೆಲದ ಮೇಲಿಟ್ಟು, “ಕೂತ್ಕೊಳ್ಳಿ ಅಕ್ಕ,” ಅಂದಳು.

ಕೂತೆ. ತಿಂದೆ. ಆ ತಂಪು ನಾಲಿಗೆಯ ಬುಡದಿಂದ ಎದ್ದು ಮೂಗಿನ ಒಳಗಿಂದ ಹೊರಗೆ ಬಂತು. ಅರ್ಧ ತಟ್ಟೆಯಾದ ಮೇಲೆ, “ನಿನ್ನ ಹೆಸರು ಲಕ್ಷ್ಮಿ ಅಲ್ವಂತೆ, ಕಪನಿ ಅಂದ,” ಅಂದೆ.

“ಲಾಮಿ.”

“ಲಾಮಿ,” ಅಂದೆ. ಅದು ಸುಲಭವಾಗಿ ಬಂತು. “ಈ ಸೊಪ್ಪಿಗೆ ಏನಂತೀರಿ?”

ಅವಳು ಹೇಳಿದಳು. ಆ ಹೆಸರು ಙ ಅಕ್ಷರದಿಂದ ಶುರುವಾಗುತ್ತದೆ. ಶಾಲೆಯಲ್ಲಿ ಸ್ಲೇಟಿನ ಮೇಲೆ ತಿದ್ದಿದ ಮೇಲೆ ಆ ಅಕ್ಷರದಿಂದ ಶುರುವಾಗುವ ಒಂದು ಮಾತನ್ನೂ ನಾನು ಜನ್ಮದಲ್ಲಿ ಆಡಿರಲಿಲ್ಲ.

“ನಾಮೆ,” ಅಂದೆ.

“ಅಲ್ಲ. ಙಾಮೆ.”

“ಗ್ಞಾಮೆ.”

ಅವಳು ಬಾಯಿ ತೆರೆದು ನಾಲಿಗೆ ಎಲ್ಲಿ ತಾಗಬೇಕೆಂದು ತೋರಿ ಇನ್ನೊಮ್ಮೆ ಹೇಳಿದಳು. ಮಗುವೂ ಹೇಳಿತು, ಅದಕ್ಕೆ ಸಲೀಸಾಗಿ ಬಂತು. ನಾನು ಮೂರನೇ ಸಲ ಹೇಳಿದೆ. ಏನು ಹೇಳಿದೆನೋ ದೇವರೇ ಬಲ್ಲ. ಲಾಮಿ ತುಟಿ ಬಿಗಿಹಿಡಿದು, “ಸರಿಯಾಗಿದೆ,” ಅಂದಳು.

“ಇಲ್ಲ, ಸರಿಯಾಗಿಲ್ಲ,” ಅಂದೆ. “ಇನ್ನೊಂದ್ಸಲ ಹೇಳು, ಕೇಳಿಸ್ಕೋತೀನಿ.”